ಜೋಡಿ ಮಾತ್ರೆಯ ಒಳಜಗಳ

ಕಾಲು ಊದಿಕೊಂಡು, ನಾಲ್ಕು ಹೆಜ್ಜೆ ನಡೆದರೆ ದಮ್ಮು ಕಟ್ಟುವ ಹೃದ್ರೋಗಿಯ ಮಾತ್ರೆ ಡಬ್ಬಿ ತೆರೆದು ನೋಡಿ. ಐದಾರು ಬಗೆಯಾದರೂ ಇರುತ್ತವೆ. ‘ಇವನ್ನೆಲ್ಲ ಸೇರಿಸಿ ಒಂದೇ ಮಾಡಿ ಕೊಡಬಾರದಾ?’ ಎಂದು ಕೇಳುವುದು ಸಹಜ. ಕೊಡಬಹುದು. ಆದರೆ ಒಟ್ಟಿಗೆ ಅದುಮಿಟ್ಟ ಎರಡು ರಾಸಾಯನಿಕಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಂದನ್ನೊಂದು ಕೆಡಿಸದೆ ಬಾಳಬೇಕು. ಹಾರ್ಟ್ ಫೇಲ್ಯೂರ್ ಮಾತ್ರೆಗಳ ಕಥೆಯಲ್ಲಿ ಈ ಜಗಳ ಬಿಡಿಸುವುದೇ ದೊಡ್ಡ ಅಧ್ಯಾಯ. ಜಗಳ ಹಚ್ಚುವುದು ಹೆಚ್ಚಿನ ಸಲ ತೇವ.

ಒಂಟಿ ಔಷಧಗಳೇ ಮೊದಲು ಪಾಠ ಕಲಿಸಿದವು. ತೀವ್ರ ಹೃದಯ ವೈಫಲ್ಯದಲ್ಲಿ ಎನಾಲಾಪ್ರಿಲ್ ಜೀವ ಉಳಿಸುತ್ತದೆಂದು 1987ರಲ್ಲಿ ಗೊತ್ತಾಯಿತು. ಈ ಅಣುವಿಗೆ ಕೆಡಲು ಎರಡು ದಾರಿ: ನೀರು ತಾಗಿದರೆ ಒಡೆಯುತ್ತದೆ, ಇಲ್ಲವೇ ತನ್ನೊಳಗಿನ ನೀರು ಬಿಟ್ಟು ಬಾಗಿ ಉಂಗುರವಾಗುತ್ತದೆ. ಅದನ್ನು ಹಿಡಿದು ನಿಲ್ಲಿಸಿದ್ದು ಅಡುಗೆಮನೆಯ ಸೋಡಾಪುಡಿ, ಅಂದರೆ ಸೋಡಿಯಂ ಬೈಕಾರ್ಬೊನೇಟ್. ಅದೇ ಕುಟುಂಬದ ಕ್ವಿನಾಪ್ರಿಲ್‌ಗೆ ಮೆಗ್ನೀಸಿಯಂ ಕಾರ್ಬೊನೇಟ್ ಬೇಕಾಯಿತು. ರಾಮಿಪ್ರಿಲ್ ಅಂತೂ ಮಾತ್ರೆ ಒತ್ತುವ ಯಂತ್ರದ ಪೆಟ್ಟಿಗೇ ಕೆಡತೊಡಗುತ್ತದೆ. ಪೆರಿಂಡೋಪ್ರಿಲ್‌ನ ಲವಣವನ್ನೇ ಬದಲಿಸಿ ಅರ್ಜಿನೀನ್ ಜೊತೆ ಕೂಡಿಸಿದಾಗ ಬಾಳಿಕೆ ಎರಡು ವರ್ಷದಿಂದ ಮೂರಕ್ಕೆ ಏರಿತು. ಪಕ್ಕದಲ್ಲಿ ಯಾರನ್ನು ಕೂರಿಸುತ್ತೇವೆ ಎಂಬುದು ಮದ್ದಿನಷ್ಟೇ ಮುಖ್ಯವೆಂದು ಕಾರ್ಖಾನೆಯವರಿಗೆ ಆಗಲೇ ಅರಿವಾಗಿತ್ತು.

ನಿಜವಾದ ಜೋಡಿಯ ಕಷ್ಟ ನೋಡಬೇಕೆಂದರೆ ಅಮೆರಿಕದ ಬೈಡಿಲ್ ನೋಡಬೇಕು. ಹೈಡ್ರಲಜೀನ್ ಮತ್ತು ಐಸೊಸಾರ್ಬೈಡ್ ಡೈನೈಟ್ರೇಟ್ ಕೂಡಿ ಕೊಟ್ಟರೆ ಸಾವು ತಗ್ಗುತ್ತದೆಂದು ಅಲ್ಲಿನ ನಿವೃತ್ತ ಸೈನಿಕರ ಮೇಲಿನ ಪರೀಕ್ಷೆ 1986ರಲ್ಲೇ ಸೂಚಿಸಿತ್ತು. 2004ರಲ್ಲಿ 1,050 ಕಪ್ಪುವರ್ಣೀಯ ರೋಗಿಗಳ ಅಧ್ಯಯನದಲ್ಲಿ ಸಾವು 43% ಇಳಿಯಿತು. ಮರುವರ್ಷ ಆ ಜನಾಂಗಕ್ಕೆಂದೇ ಮಾತ್ರೆಗೆ ಅನುಮತಿ ಸಿಕ್ಕಿತು. ಮದ್ದಿಗೆ ಮೈಬಣ್ಣದ ಚೀಟಿ ಅಂಟಿಸಿದ ಬಗ್ಗೆ ಎದ್ದ ಗದ್ದಲದಲ್ಲಿ ಒಳಗಿನ ರಸಾಯನಶಾಸ್ತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಶುದ್ಧ ಡೈನೈಟ್ರೇಟ್ ಸ್ಫೋಟಕ. ಹಾಗಾಗಿ ಅದು ಕಾರ್ಖಾನೆಗೆ ಬರುವುದೇ ಲ್ಯಾಕ್ಟೋಸ್ ಅಥವಾ ಮ್ಯಾನಿಟಾಲ್‌ನಲ್ಲಿ ಬೆರೆಸಿಕೊಂಡು. ಇತ್ತ ಹೈಡ್ರಲಜೀನ್‌ಗೂ ಸಕ್ಕರೆಗೂ ಆಗಿಬರುವುದಿಲ್ಲ. ಗ್ಲುಕೋಸ್, ಲ್ಯಾಕ್ಟೋಸ್ ದ್ರಾವಣದಲ್ಲಿ ಅವುಗಳ ಜೊತೆಗೇ ಕೂಡಿ ಬೇರೆ ವಸ್ತುವಾಗುತ್ತದೆ, ಲೋಹ ತಾಗಿದರೆ ಬಣ್ಣ ತಿರುಗುತ್ತದೆ. ಒಬ್ಬರ ರಕ್ಷೆಯೇ ಇನ್ನೊಬ್ಬರ ಶತ್ರು! ಮಾರುಕಟ್ಟೆಗೆ ಬಂದ ಮಾತ್ರೆಯಲ್ಲೂ ಲ್ಯಾಕ್ಟೋಸ್ ಇದೆ. ಆದರೆ ನೀರಿನಂಶ ತೆಗೆದ ಲ್ಯಾಕ್ಟೋಸ್, ಮೇಲೊಂದು ಲೇಪ. ಇಷ್ಟು ಜಾಣತನವಿದ್ದೂ ಮಾತ್ರೆ ಹೆಚ್ಚು ಓಡಲಿಲ್ಲ. ದಿನಕ್ಕೆ ಮೂರು ಹೊತ್ತು ನುಂಗಬೇಕಿತ್ತು, ಅವೇ ಎರಡು ಮದ್ದುಗಳು ಬಿಡಿಬಿಡಿಯಾಗಿ ಅಗ್ಗಕ್ಕೆ ಸಿಗುತ್ತಿದ್ದವು.

ನಮ್ಮ ಔಷಧದಂಗಡಿಗಳಲ್ಲಿ ಸಲೀಸಾಗಿ ಸಿಗುವ ಟಾರ್ಸೆಮೈಡ್–ಸ್ಪೈರೊನೊಲ್ಯಾಕ್ಟೋನ್ ಜೋಡಿ, ಅಂದರೆ ಜನ ‘ನೀರು ಹೋಗುವ ಮಾತ್ರೆ’ ಎನ್ನುವುದು, ಇಷ್ಟು ಗೋಳು ಕೊಟ್ಟದ್ದಲ್ಲ.

ದೊಡ್ಡ ತಿರುವು ಸಕುಬಿಟ್ರಿಲ್‌ನದು. ಅದಕ್ಕೂ ಮೊದಲು ಒಮಾಪಟ್ರಿಲಾಟ್ ಎಂಬ ಒಂದೇ ಅಣು ಎರಡು ಕಿಣ್ವಗಳನ್ನು ತಡೆಯಲು ಹೋಗಿ, ಕೆಲವರ ಮುಖ, ನಾಲಿಗೆ ಅಪಾಯಕಾರಿಯಾಗಿ ಊದಿ, 2002ರ ಹೊತ್ತಿಗೆ ಸೋತಿತ್ತು. ಹಾಗಾಗಿ ಸಕುಬಿಟ್ರಿಲ್‌ಗೆ ಜೊತೆಯಾಗಿ ವಾಲ್ಸಾರ್ಟನ್ ಬಂತು. ಸಕುಬಿಟ್ರಿಲ್‌ನ ಸೋಡಿಯಂ ಲವಣಕ್ಕೆ ಗಾಳಿಯ ತೇವ ಹೀರುವ ಚಾಳಿ. ನೊವಾರ್ಟಿಸ್‌ನ ರಸಾಯನಜ್ಞರು ನಡುವೆ ಗೋಡೆ ಕಟ್ಟಲಿಲ್ಲ, ಇಬ್ಬರನ್ನೂ ಒಂದೇ ಸ್ಫಟಿಕಕ್ಕೆ ಸೇರಿಸಿದರು. ಅದರ ಒಂದು ಘಟಕದಲ್ಲಿ ಆರು ಸಕುಬಿಟ್ರಿಲ್, ಆರು ವಾಲ್ಸಾರ್ಟನ್, 18 ಸೋಡಿಯಂ, 15 ನೀರಿನ ಅಣು. ಅಷ್ಟು ಕಾಲ ಹೊರಗಿಟ್ಟು ಕಾದ ನೀರಿಗೇ ಮನೆಯೊಳಗೆ ಜಾಗ ಕೊಟ್ಟಂತಾಯಿತು. ಈ ರೂಪದಲ್ಲಿ ವಾಲ್ಸಾರ್ಟನ್ ಮೈಗೆ ಹೆಚ್ಚು ಹತ್ತುವುದರಿಂದ 103 ಮಿಲಿಗ್ರಾಂ ಹಳೆಯ 160ಕ್ಕೆ ಸಮ. 2014ರಲ್ಲಿ 8,399 ರೋಗಿಗಳ ಫಲಿತಾಂಶ ಬಂದಾಗ, ಎನಾಲಾಪ್ರಿಲ್‌ಗಿಂತ ಹೃದ್ರೋಗದ ಸಾವು ಅಥವಾ ಆಸ್ಪತ್ರೆ ಸೇರುವ ಅಪಾಯ 20% ಕಡಿಮೆಯಿತ್ತು. 2015ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಸ್ಫಟಿಕ ಯಾರ ಸ್ವತ್ತು ಎಂಬ ವ್ಯಾಜ್ಯ ಭಾರತದ ಪೇಟೆಂಟ್ ಕಚೇರಿಗೂ ಬಂತು: 2022ರ ಡಿಸೆಂಬರಿನಲ್ಲಿ ಕೊಟ್ಟ ಪೇಟೆಂಟ್ 2025ರಲ್ಲಿ ರದ್ದಾಯಿತು.

ಈಗ ಮೂರನೆಯ ಜೊತೆಗಾರ ಡಪಾಗ್ಲಿಫ್ಲೋಜಿನ್. ಸಕ್ಕರೆ ಕಾಯಿಲೆಯ ಮದ್ದು, 2019ರ ಅಧ್ಯಯನದ ನಂತರ ಹೃದಯದ ಪಾಲಿಗೂ ಬಂತು. ಇದರದೂ ತೇವದ್ದೇ ತಕರಾರು. ಪ್ರೊಪೇನ್‌ಡಯೋಲ್ ಮತ್ತು ನೀರಿನೊಂದಿಗೆ ಸ್ಫಟಿಕವಾಗಿಸಿ ಹದಕ್ಕೆ ತಂದಿದ್ದಾರೆ. ಹಲವು ಮದ್ದು ಒಂದಾಗಿಸುವ ಹಂಬಲದಲ್ಲಿ ಬೆಂಗಳೂರಿಗೂ ಪಾಲಿದೆ. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಉಸ್ತುವಾರಿಯಲ್ಲಿ ದೇಶದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ಐದು ಮದ್ದಿನ ಪಾಲಿಕ್ಯಾಪ್ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದು ಹೃದ್ರೋಗ ತಡೆಗೆ, ವೈಫಲ್ಯಕ್ಕಲ್ಲ. ವೈಫಲ್ಯದಲ್ಲಿ ಬೇಕಾದ ಮದ್ದುಗಳನ್ನೆಲ್ಲ ಒಂದೇ ಗುಳಿಗೆಯಾಗಿಸುವುದರಲ್ಲಿ ನನಗೆ ಪೂರ್ತಿ ಭರವಸೆಯಿಲ್ಲ. ಇಲ್ಲಿ ಹೆಚ್ಚಿನ ಮದ್ದುಗಳನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಏರಿಸಬೇಕು. ಪೊಟ್ಯಾಸಿಯಂ ಏರಿತೆಂದು ಸ್ಪೈರೊನೊಲ್ಯಾಕ್ಟೋನ್ ಒಂದನ್ನೇ ನಿಲ್ಲಿಸಬೇಕಾದರೆ, ಒಟ್ಟುಗೂಡಿದ ಗುಳಿಗೆಯಿಂದ ಅದನ್ನು ಹೆಕ್ಕಿ ತೆಗೆಯುವುದು ಹೇಗೆ?

ಹೊಸ ಮಾತ್ರೆಯನ್ನು ಮಾರಾಟದ ಪೊಟ್ಟಣದಲ್ಲೇ ಇಟ್ಟು, 40 ಡಿಗ್ರಿ ಬಿಸಿ, 75% ತೇವದ ಕಪಾಟಿನಲ್ಲಿ ಆರು ತಿಂಗಳು ಕಾಯುತ್ತಾರೆ. ತೇವ ತಡೆಯುವ ಪೊಟ್ಟಣವೆಂದರೆ ಹಿಂದೆಮುಂದೆ ಎರಡೂ ಕಡೆ ಅಲ್ಯೂಮಿನಿಯಂ ಇರುವ ಆಲು-ಆಲು ಸ್ಟ್ರಿಪ್. ಮಂಗಳೂರಿನ ಆಟಿ ಮಳೆಯಲ್ಲಿ ಅದನ್ನು ಬಿಡಿಸಿ, ಸೋಮವಾರ ಮಂಗಳವಾರವೆಂದು ಗೂಡು ಮಾಡಿದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿಟ್ಟ ಮಾತ್ರೆ ಆ ಕಪಾಟಿನ ಪರೀಕ್ಷೆ ಬರೆದದ್ದಲ್ಲ.