ಜಮೀನು ನಿಮ್ಮದೇ, ಆದ್ರೆ ಅಲ್ಲಿ ಮಲಗೋಕೆ ಪರ್ಮಿಷನ್ ಬೇಕು!

ಭಾಗ 1/7

ಈ ವಾರದ ಇತಿಹಾಸ ಸರಣಿಯನ್ನ ಒಂದು ಪ್ರಶ್ನೆಯಿಂದ ಶುರು ಮಾಡೋಣ.

ನಿಮ್ಮ ಹತ್ರ ಐದು ಎಕರೆ ಜಮೀನಿದೆ ಅಂದ್ಕೊಳ್ಳಿ. ದುಡ್ಡು ಕೊಟ್ಟು ತಗೊಂಡಿದ್ದೀರಿ, ಪತ್ರ ನಿಮ್ಮ ಹೆಸರಲ್ಲೇ ಇದೆ. ಟೊಮೆಟೊ, ಸೊಪ್ಪು, ಸ್ಟ್ರಾಬೆರಿ ಬೆಳೀತೀರಿ. ಅಲ್ಲೇ ಒಂದು ಪುಟ್ಟ ಮನೆ ಕಟ್ಕೊಂಡು ಇರ್ತೀನಿ ಅಂತ ಅರ್ಜಿ ಹಾಕಿದ್ರೆ ಸ್ಥಳೀಯ ಆಡಳಿತ ಹೇಳುತ್ತೆ: "ಬೆಳೆ ಬೆಳೀರಿ, ತೊಂದರೆ ಇಲ್ಲ. ಆದ್ರೆ ರಾತ್ರಿ ನೀವು ಇಲ್ಲೇ ಇರಬೇಕು ಅನ್ನೋದಕ್ಕೆ ಕಾರಣ ಏನು?"

ತೋಟದ ಮನೆ ಅನ್ನೋ ಮಾತು ಕೇಳ್ಕೊಂಡೇ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತೆ. ನಮ್ಮಲ್ಲೂ ಕೃಷಿ ಜಮೀನನ್ನ ಲೇಔಟ್ ಮಾಡ್ಬೇಕಾದ್ರೆ ಡಿಸಿ ಕನ್ವರ್ಶನ್ ಬೇಕು, ನಿಜ. ಆದ್ರೆ ಬೇಸಾಯ ಮಾಡೋನು ತನ್ನ ಬೇಸಾಯಕ್ಕೇ ಅಂತ ಹೊಲದಲ್ಲಿ ಮನೆ ಕಟ್ಕೊಳ್ಳೋಕೆ ನಮ್ಮ 1964ರ ಭೂ ಕಂದಾಯ ಕಾಯ್ದೆ ಒಂದು ದಾರಿ ಬಿಟ್ಟಿದೆ. ಬ್ರಿಟನ್ನಿನಲ್ಲಿ ಆ ದಾರಿ ತುಂಬಾ ಕಿರಿದು. ಯಾಕೆ ಹಾಗಾಯ್ತು? ಮುಂದೆ ಓದಿ.

ಭಾಗ 2/7: ಮೂರು ಎಕರೆ, ಒಂದು ಹಸು

ತಮಾಷೆ ಅಂದ್ರೆ, ಇದೇ ದೇಶದಲ್ಲಿ ಒಂದು ಕಾಲಕ್ಕೆ ಬಡವರಿಗೆ ಸಣ್ಣ ಹಿಡುವಳಿ ಕೊಡ್ಬೇಕು ಅನ್ನೋದೇ ದೊಡ್ಡ ಚುನಾವಣಾ ವಿಷಯ ಆಗಿತ್ತು. 1885ರ ಚುನಾವಣೆ ಹೊತ್ತಿಗೆ ಜೆಸ್ಸಿ ಕಾಲಿಂಗ್ಸ್ ಮತ್ತು ಜೋಸೆಫ್ ಚೇಂಬರ್ಲೇನ್ ಕಡೆಯವರ ಘೋಷಣೆ "ಮೂರು ಎಕರೆ, ಒಂದು ಹಸು". 1892ರಲ್ಲಿ ಸಣ್ಣ ಹಿಡುವಳಿ ಕಾಯ್ದೆ ಬಂತು. 1908ರಲ್ಲಿ ಇನ್ನೊಂದು ಕಾಯ್ದೆ ಬಂದು, ಕೌಂಟಿ ಕೌನ್ಸಿಲ್‌ಗಳು ಜಮೀನು ಹೊಂದಿಸಿ ಸಣ್ಣ ರೈತರಿಗೆ ಕೊಡೋದಕ್ಕೆ ಬಲ ಸಿಕ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರ ಕಾಯ್ದೆ, ವಾಪಸ್ ಬಂದ ಸೈನಿಕರಿಗೆ ಅಂತ.

ಇನ್ನೊಂದು ಕಡೆ ಜನ ಸರ್ಕಾರಕ್ಕೆ ಕಾಯದೆ ತಾವೇ ಶುರು ಮಾಡ್ಕೊಂಡ್ರು. ಕೃಷಿ ಕುಸಿದು ಎಸೆಕ್ಸ್ ಕಡೆ ಜೇಡಿಮಣ್ಣಿನ ಜಮೀನು ಅಗ್ಗ ಆಗಿತ್ತು. ಲಂಡನ್ನಿನ ಕೆಲಸಗಾರರು ತುಂಡು ತುಂಡು ಜಾಗ ಕೊಂಡು ಗುಡಿಸಲು, ಮರದ ಮನೆ, ಕೊನೆಗೆ ಹಳೇ ರೈಲು ಬೋಗಿ ತಂದಿಟ್ಟುಕೊಂಡೂ ವಾಸ ಮಾಡಿದ್ರು. ಇಂಥ ಜಾಗಗಳಿಗೆ ಪ್ಲಾಟ್‌ಲ್ಯಾಂಡ್ಸ್ ಅಂತ ಹೆಸರು. ಲೇಂಡನ್, ಜೇವಿಕ್, ಸಸೆಕ್ಸ್‌ನ ಪೀಸ್‌ಹೇವನ್ ಇದಕ್ಕೆ ಉದಾಹರಣೆ. ನೀರಿಲ್ಲ, ರಸ್ತೆ ಇಲ್ಲ, ಚರಂಡಿ ಇಲ್ಲ. ಆದ್ರೂ ಅವರ ಪಾಲಿಗೆ ಅದು ಸ್ವಂತದ್ದು!

ನೋಡೋರಿಗೆ ಮಾತ್ರ ಹಳ್ಳಿಗಾಡು ಹಾಳಾಗ್ತಿದೆ ಅನ್ನಿಸ್ತು. ಅದನ್ನ ಕಾಪಾಡ್ಬೇಕು ಅಂತ 1926ರಲ್ಲಿ ಒಂದು ಸಂಸ್ಥೆಯೇ ಹುಟ್ಟಿತು. ರಸ್ತೆ ಉದ್ದಕ್ಕೂ ಮನೆ ಸಾಲು ಬೆಳೆಯೋದನ್ನ ತಡೆಯೋಕೆ 1935ರಲ್ಲಿ ಕಾಯ್ದೆ ಬಂತು.

ಭಾಗ 3/7: ಸರ್ಕಾರವೇ ಕಟ್ಟಿಕೊಟ್ಟ ತೋಟದ ಮನೆಗಳು

1930ರ ದಶಕದ ಆರ್ಥಿಕ ಕುಸಿತ. ಗಣಿ ಮುಚ್ಚಿ ಡರ್ಹಮ್, ದಕ್ಷಿಣ ವೇಲ್ಸ್ ಕಡೆ ಸಾವಿರಾರು ಜನಕ್ಕೆ ಕೆಲಸ ಇಲ್ಲ. ಆಗ 1934ರಲ್ಲಿ ಲ್ಯಾಂಡ್ ಸೆಟ್ಲ್‌ಮೆಂಟ್ ಅಸೋಸಿಯೇಷನ್ ಶುರುವಾಯ್ತು. ಬೆಡ್‌ಫರ್ಡ್‌ಶೈರ್‌ನ ಪಾಟನ್‌ನಲ್ಲಿ ಮೊದಲ ವಸಾಹತು. ಆಮೇಲೆ ಫೆನ್ ಡ್ರೇಟನ್, ಸಿಡ್ಲ್‌ಶ್ಯಾಮ್, ನ್ಯೂಬೋರ್ನ್ ಹೀಗೆ ಸುಮಾರು 20 ಕಡೆ, ಸಾವಿರಕ್ಕೂ ಹೆಚ್ಚು ಹಿಡುವಳಿ.

ಒಂದೊಂದು ಕುಟುಂಬಕ್ಕೆ ಸುಮಾರು ಐದು ಎಕರೆ, ಅದರಲ್ಲೇ ಒಂದು ಮನೆ, ಗಾಜಿನ ಮನೆ, ಹಂದಿ, ಕೋಳಿ. ಬೀಜ, ಗೊಬ್ಬರ ಒಟ್ಟಿಗೆ ಖರೀದಿ. ಬೆಳೆದಿದ್ದನ್ನ ಒಂದೇ ಕಡೆ ಪ್ಯಾಕ್ ಮಾಡಿ ಒಟ್ಟಿಗೆ ಮಾರಾಟ. ನಮ್ಮ ಸಹಕಾರ ಸಂಘದ ಲೆಕ್ಕದಲ್ಲಿ ಯೋಚಿಸಿ, ಅರ್ಥ ಆಗುತ್ತೆ.

ಗಣಿಯಲ್ಲಿ ಕಲ್ಲಿದ್ದಲು ಕಡಿದವರಿಗೆ ಸಸಿ ಹಾಕೋದು ಸುಲಭ ಆಗ್ಲಿಲ್ಲ, ಅನೇಕರು ಬಿಟ್ಟು ಹೋದ್ರು. ಯುದ್ಧದ ನಂತರ ಅನುಭವ ಇರೋ ಕೃಷಿ ಕೆಲಸಗಾರರಿಗೇ ಆದ್ಯತೆ ಸಿಕ್ತು. ಆದ್ರೂ ಒಂದು ಮಾತು ನೆನಪಿಟ್ಕೊಳ್ಳಿ: ಐದು ಎಕರೆ ತರಕಾರಿ ಬೆಳೆಯೋನು ಹೊಲದಲ್ಲೇ ಇರಬೇಕು ಅಂತ ಆಗ ಸರ್ಕಾರವೇ ಒಪ್ಪಿತ್ತು. 1983ರಲ್ಲಿ ಈ ವ್ಯವಸ್ಥೆ ಮುಚ್ಚಿತು.

ಭಾಗ 4/7: 1947, ಆಟದ ನಿಯಮ ಬದಲಾದ ವರ್ಷ

ನಮಗೆ 1947 ಅಂದ್ರೆ ಸ್ವಾತಂತ್ರ್ಯ. ಬ್ರಿಟನ್ನಿನ ಜಮೀನು ಮಾಲೀಕರಿಗೆ ಅದೇ ವರ್ಷ ಒಂದು ಸ್ವಾತಂತ್ರ್ಯ ಹೋಯ್ತು!

ಯುದ್ಧದಲ್ಲಿ ಆಹಾರಕ್ಕೆ ಪರದಾಡಿದ್ದ ದೇಶ ಅದು. 1942ರ ಸ್ಕಾಟ್ ಸಮಿತಿ ವರದಿ, ಒಳ್ಳೆ ಕೃಷಿ ಭೂಮಿಯನ್ನ ಕೃಷಿಗೇ ಉಳಿಸಬೇಕು ಅಂತ ಹೇಳಿತ್ತು. ಅದೇ ಯೋಚನೆಯ ದಾರೀಲಿ, ಸಚಿವ ಲೂಯಿಸ್ ಸಿಲ್ಕಿನ್ ತಂದ 1947ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆ 1948ರ ಜುಲೈ 1ರಿಂದ ಜಾರಿಗೆ ಬಂತು. ಜಮೀನು ನಿಮ್ಮದೇ, ಆದ್ರೆ ಅದರ ಮೇಲೆ ಹೊಸದಾಗಿ ಕಟ್ಟೋ ಹಕ್ಕು ಸರ್ಕಾರದ್ದು. ಉಳೋಕೆ ಪರ್ಮಿಷನ್ ಬೇಡ, ಮನೆ ಕಟ್ಟೋಕೆ ಬೇಕು.

ಕಾಮರ್ಸ್ ಗೆಳೆಯರೇ, ಇಲ್ಲಿ ಗಮನ ಕೊಡಿ. ಪರ್ಮಿಷನ್ ಸಿಕ್ಕ ಕೂಡ್ಲೇ ಜಮೀನಿನ ಬೆಲೆ ಏರುತ್ತಲ್ಲ, ಆ ಏರಿಕೆಯ 100% ಸರ್ಕಾರಕ್ಕೇ ಕಟ್ಟಬೇಕು ಅಂತ ಮೊದಲಿದ್ದ ನಿಯಮ. 1953ರಲ್ಲಿ ಆ ಶುಲ್ಕ ತೆಗೆದುಹಾಕಿದ್ರು, ಪರ್ಮಿಷನ್ ಮಾತ್ರ ಉಳೀತು. ಹಾಗಾಗಿ ಒಂದು ಕಾಗದ ಸಿಕ್ಕಿದ್ರೆ ಹೊಲದ ಬೆಲೆ ಹತ್ತಾರು ಪಟ್ಟು. ಅಲ್ಲಿಂದ ಅಧಿಕಾರಿಗಳಿಗೆ ಪ್ರತಿ ಅರ್ಜಿ ಮೇಲೂ ಅನುಮಾನ: ಇವನು ನಿಜವಾಗ್ಲೂ ತೋಟಗಾರನಾ, ಇಲ್ಲ ತರಕಾರಿ ಹೆಸರಲ್ಲಿ ಬಂಗಲೆ ಕಟ್ಟೋನಾ?

ಭಾಗ 5/7: ರಾತ್ರಿ ಪರೀಕ್ಷೆ, ಲೆಕ್ಕದ ಪರೀಕ್ಷೆ

ಈ ಅನುಮಾನದಿಂದ ಎರಡು ಪರೀಕ್ಷೆ ಹುಟ್ಟಿದ್ವು. 2004ರಲ್ಲಿ ಇಂಗ್ಲೆಂಡ್ ಸರ್ಕಾರದ ಮಾರ್ಗಸೂಚಿಯಲ್ಲಿ ಇವು ಸ್ಪಷ್ಟವಾಗಿ ಬರೆದಿವೆ. 2012ರಲ್ಲಿ ಆ ಮಾರ್ಗಸೂಚಿ ಹೋಗಿ ಹೊಸದು ಬಂದ ಮೇಲೂ ಅದೇ ರೀತಿ ಪ್ರಶ್ನೆಗಳು ಮುಂದುವರಿದ್ವು.

ಮೊದಲನೇದು, ಅಗತ್ಯದ ಪರೀಕ್ಷೆ. ನೀವು ಹೊತ್ತಲ್ಲದ ಹೊತ್ತಲ್ಲೂ ಜಮೀನಿನಲ್ಲೇ ಇರಬೇಕಾ? ದನ ಸಾಕೋರಿಗೆ ಉತ್ತರ ಸುಲಭ, ಕರು ಹಾಕೋದು ಗಡಿಯಾರ ನೋಡ್ಕೊಂಡಲ್ಲ. ತೋಟಗಾರನ ಕಥೆ ಕಷ್ಟ. ಚಳಿಗಾಲದ ರಾತ್ರಿ ಗಾಜಿನ ಮನೆಯ ಹೀಟರ್ ಕೆಟ್ರೆ ಬೆಳಗಾಗೋ ಅಷ್ಟ್ರಲ್ಲಿ ಸಸಿ ಎಲ್ಲಾ ಸತ್ತಿರುತ್ತೆ ಅಂತ ಅವನು ವಾದ ಮಾಡ್ತಾನೆ. "ಅಲಾರಂ ಹಾಕಿ, ಪಕ್ಕದ ಹಳ್ಳೀಲಿ ಮನೆ ಬಾಡಿಗೆಗೆ ತಗೊಳ್ಳಿ" ಅಂತ ಎದುರು ವಾದ. ಬಯಲಲ್ಲಿ ಎಲೆಕೋಸು ಬೆಳೆಯೋನಿಗಂತೂ ರಾತ್ರಿ ಕಾರಣ ಸಿಗೋದೇ ಕಷ್ಟ.

ಎರಡನೇದು, ಹಣಕಾಸಿನ ಪರೀಕ್ಷೆ. ಕಾಯಂ ಮನೆಗೆ ವ್ಯವಹಾರ ಕನಿಷ್ಠ ಮೂರು ವರ್ಷ ನಡೆದಿರಬೇಕು, ಅದರಲ್ಲಿ ಒಂದು ವರ್ಷವಾದ್ರೂ ಲಾಭ ತೋರಿಸಬೇಕು, ಮುಂದೂ ನಡೆಯೋ ಲಕ್ಷಣ ಇರಬೇಕು. ಹೊಸಬರಿಗೆ ಮೂರು ವರ್ಷದ ತಾತ್ಕಾಲಿಕ ಪರ್ಮಿಷನ್ ಸಿಗಬಹುದು, ಅದೂ ಕ್ಯಾರವಾನ್ ಅಥವಾ ಬಿಚ್ಚಿ ತೆಗೆಯೋಕೆ ಆಗೋ ಮರದ ಮನೆಗೆ.

ಲಾಭ-ನಷ್ಟ ಖಾತೆ ಅಂದ್ರೆ ಎಕ್ಸಾಮ್‌ಗೆ ಬರೋ 12 ಮಾರ್ಕ್ಸ್ ಪ್ರಶ್ನೆ ಅಂದ್ಕೊಂಡಿದ್ದೀವಲ್ಲ ನಾವು? ಅಲ್ಲಿ ಕ್ಯಾರವಾನಿನಲ್ಲಿ ಮಕ್ಕಳ ಜೊತೆ ಮೂರು ಚಳಿಗಾಲ ಕಳೆದ ಒಂದು ಕುಟುಂಬ ಅದೇ ಜಾಗದಲ್ಲಿ ಉಳೀಬೇಕಾ, ಎದ್ದು ಹೋಗ್ಬೇಕಾ ಅನ್ನೋದನ್ನ ಆ ಖಾತೆಯ ಕೊನೇ ಸಾಲು ತೀರ್ಮಾನ ಮಾಡಬಹುದು.

ಪಾಸಾದ್ರೂ ಒಂದು ಷರತ್ತು. ಆ ಪ್ರದೇಶದಲ್ಲಿ ಮುಖ್ಯವಾಗಿ ಕೃಷಿ ಅಥವಾ ಅರಣ್ಯ ಕೆಲಸ ಮಾಡೋರು, ಹಿಂದೆ ಕೊನೆಯದಾಗಿ ಆ ಕೆಲಸ ಮಾಡ್ತಿದ್ದವರು, ಅವರು ತೀರಿಹೋದ್ರೆ ಗಂಡ ಅಥವಾ ಹೆಂಡತಿ, ಅವಲಂಬಿತರು ಮಾತ್ರ ಆ ಮನೇಲಿ ಇರಬಹುದು. ಇದರಿಂದ ಮನೆ ಬೆಲೆ ಮಾರುಕಟ್ಟೆಗಿಂತ ಕಡಿಮೆ ಆಗುತ್ತೆ. ಮಾರೋವಾಗ ನಷ್ಟ, ಆದ್ರೆ ಮುಂದಿನ ತೋಟಗಾರನ ಕೈಗೆಟುಕೋದಕ್ಕೆ ಅದೇ ಕಾರಣ.

ಭಾಗ 6/7: ಹುಲ್ಲಿನ ಹಿಂದೆ ಕೋಟೆ, ವೇಲ್ಸ್‌ನಲ್ಲಿ ಹೊಸ ಬಾಗಿಲು

ಅನುಮಾನಕ್ಕೆ ಕಾರಣ ಇರ್ಲಿಲ್ವಾ? ಇತ್ತು. ಸರ್ರೆ ಕೌಂಟಿಯ ಒಬ್ಬ ರೈತ ಹುಲ್ಲಿನ ಪಿಂಡಿಗಳ ಗೋಡೆ ಕಟ್ಟಿ, ಅದರ ಹಿಂದೆ ಕೋಟೆಯಂಥ ಮನೆ ಎಬ್ಬಿಸಿದ. ನಾಲ್ಕು ವರ್ಷ ಯಾರೂ ಕೇಳದಿದ್ರೆ ಮನೆ ಸಕ್ರಮ ಅನ್ನೋ ನಿಯಮ ಆಗ ಇತ್ತು. 2006ರಲ್ಲಿ ಹುಲ್ಲು ತೆಗೆದ. 2010ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ, 2016ರಲ್ಲಿ ಮನೆ ಕೆಡವಬೇಕಾಯ್ತು. ಇಂಗ್ಲೆಂಡ್‌ನಲ್ಲಿ ಈಗ ಆ ನಾಲ್ಕು ವರ್ಷ ಹತ್ತಾಗಿದೆ, 2024ರ ಏಪ್ರಿಲ್‌ನಿಂದ.

ಬಚ್ಚಿಡದೆ ವಾದಕ್ಕೆ ನಿಂತವರೂ ಇದ್ರು. 1994ರಲ್ಲಿ ಸಾಮರ್‌ಸೆಟ್‌ನ ಟಿಂಕರ್ಸ್ ಬಬಲ್ ಅನ್ನೋ ಕಡೆ ಒಂದು ಗುಂಪು ಸುಮಾರು 40 ಎಕರೆ ಕೊಂಡು ವಾಸಕ್ಕೆ ಇಳೀತು. ಮೊದಲು ತಿರಸ್ಕಾರ, 1999ರಲ್ಲಿ ತಾತ್ಕಾಲಿಕ ಪರ್ಮಿಷನ್. ಅವರಲ್ಲಿ ಒಬ್ಬರಾದ ಸೈಮನ್ ಫೇರ್ಲಿ 1996ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದ್ರು. ನೆಲಕ್ಕೆ ಕಡಿಮೆ ಭಾರ ಆಗೋ ಹಾಗೆ ಬದುಕೋರಿಗೆ ಬೇರೆ ನಿಯಮ ಬೇಕು ಅನ್ನೋದು ಅವರ ವಾದ.

ಆ ಥರದ ನಿಯಮ ಬಂದಿದ್ದು ವೇಲ್ಸ್‌ನಲ್ಲಿ. 2009ರಲ್ಲಿ ಪೆಂಬ್ರೋಕ್‌ಶೈರ್‌ನ ಲಾಮಾಸ್ ಯೋಜನೆಯ ಒಂಬತ್ತು ಕುಟುಂಬಗಳಿಗೆ ಮೇಲ್ಮನವಿಯಲ್ಲಿ ಪರ್ಮಿಷನ್ ಸಿಕ್ತು. 2010ರಲ್ಲಿ 'ಒನ್ ಪ್ಲಾನೆಟ್' ನೀತಿ ಇಡೀ ವೇಲ್ಸ್‌ಗೆ ಬಂತು. ಐದು ವರ್ಷದೊಳಗೆ ನಿಮ್ಮ ಕನಿಷ್ಠ ಅಗತ್ಯದ ಆದಾಯ, ಆಹಾರ, ಇಂಧನ ಜಮೀನಿನಿಂದಲೇ ಬರಬೇಕು, ಕಸವೂ ಅಲ್ಲೇ ಕರಗಬೇಕು. ಪ್ರತಿ ವರ್ಷ ವರದಿ ಕೊಡಬೇಕು. ಸೋತ್ರೆ ಜಾಗ ಖಾಲಿ ಮಾಡೋ ಯೋಜನೆಯನ್ನೂ ಮೊದಲೇ ಬರೆದುಕೊಡಬೇಕು!

ಭಾಗ 7/7: ಹಾಗಾದ್ರೆ ಯಾರು ಸರಿ?

ನನಗೆ ಅನ್ನಿಸೋದು ಹೇಳ್ತೀನಿ, ಒಪ್ಪದಿದ್ರೆ ಜಗಳಕ್ಕೆ ಬನ್ನಿ.

1947ರ ಕಾಯ್ದೆ ಬೇಕಿತ್ತು. ಬೆಂಗಳೂರಿನ ಸುತ್ತ ಹೊಲಗಳು ಸೈಟಾಗಿದ್ದನ್ನ ನೋಡಿದ ನಾವು ಅದನ್ನ ಸುಮ್ನೆ ಬೈಯೋಕಾಗಲ್ಲ. ಆದ್ರೆ ಪರೀಕ್ಷೆ ಬರೆಯೋ ರೀತಿ ನೋಡಿ. ಮೂರು ವರ್ಷ ಆದಾಯ ಇಲ್ದೆ ತಡ್ಕೊಳ್ಳೋ ಶಕ್ತಿ, ಪ್ಲಾನಿಂಗ್ ಸಲಹೆಗಾರನಿಗೆ ಕೊಡೋ ದುಡ್ಡು ಯಾರ ಹತ್ರ ಇರುತ್ತೆ? ಕೈಯಲ್ಲಿ ಮೊದಲೇ ಕಾಸಿದ್ದವರ ಹತ್ರ. ತರಕಾರಿ ಬೆಳೆಯೋಕೆ ನಿಜವಾಗ್ಲೂ ಬರೋ ಕಿರಿಯರು ಅಲ್ಲೇ ಸೋತು ಹೋಗ್ತಾರೆ. ವೇಲ್ಸ್ ಮಾಡಿದ್ದು ಪ್ರಶ್ನೆ ಬದಲಾಯಿಸೋದು. ನೀನು ಎಷ್ಟು ಲಾಭ ಮಾಡಿದೆ ಅನ್ನೋದರ ಜೊತೆಗೆ, ಭೂಮಿಯಿಂದ ಎಷ್ಟು ತಗೊಂಡೆ ಅಂತಲೂ ಅದು ಲೆಕ್ಕ ಕೇಳುತ್ತೆ. ಕಠಿಣವೇ, ಆದ್ರೆ ಬಡವನೂ ಪಾಸಾಗಬಹುದಾದ ಪರೀಕ್ಷೆ.

ಈಗ ನಿಮ್ಮ ಸರದಿ. ನಮ್ಮ ತಾಲ್ಲೂಕಿನಲ್ಲಿ ತೋಟದ ಮನೆಗೆ ನಿಯಮ ಬರೆಯೋ ಕೆಲಸ ನಿಮಗೇ ಕೊಟ್ರೆ, ರೆಸಾರ್ಟ್ ಮಾಡೋನನ್ನೂ ಸೊಪ್ಪು ಬೆಳೆಯೋನನ್ನೂ ಹೇಗೆ ಬೇರೆ ಮಾಡ್ತೀರಿ? ಒಂದೇ ಒಂದು ಪ್ರಶ್ನೆ ಕೇಳೋಕೆ ಅವಕಾಶ. ಕಾಮೆಂಟ್‌ನಲ್ಲಿ ಬರೀರಿ. ಮನೇಲಿ ಜಮೀನಿನ ಮಾತು ಬಂದಾಗೆಲ್ಲ ಎದ್ದು ಹೋಗೋ ಫ್ರೆಂಡ್‌ಗೆ ಕಳಿಸೋದು ಮರೀಬೇಡಿ.

#ಇತಿಹಾಸ #ತೋಟದಮನೆ #ಭೂಮಿಯಕಥೆ #ಕನ್ನಡದಲ್ಲಿ #ಬಿಕಾಂಹುಡುಗರು