ಅನಿಲೀನಿನ ನಾಲ್ಕು ಹೆಸರುಗಳು: ಸಾವಯವ ರಸಾಯನದ ನಾಮಕರಣ ಚರಿತ್ರೆ

೧೮೨೬ರಲ್ಲಿ ಜರ್ಮನಿಯ ಒಟ್ಟೊ ಉನ್‌ಫರ್‌ಡೋರ್ಬೆನ್ ಎಂಬ ರಸಾಯನಜ್ಞನು ನೀಲಿಯನ್ನು ಭಟ್ಟಿಯಿಳಿಸಿ ಎಣ್ಣೆಯಂತಹ ಒಂದು ದ್ರವವನ್ನು ಪಡೆದನು. ಅದು ಆಮ್ಲಗಳೊಡನೆ ಕೂಡಿ ಅಂದವಾದ ಹರಳುಗಳನ್ನು ಕೊಡುತ್ತಿದ್ದುದರಿಂದ ಅದನ್ನು 'ಕ್ರಿಸ್ಟಲಿನ್' ಎಂದು ಕರೆದನು. ೧೮೩೪ರಲ್ಲಿ ರುಂಗೆ ಎಂಬಾತನಿಗೆ ಕಲ್ಲಿದ್ದಲಿನ ಟಾರಿನಲ್ಲಿ ಒಂದು ಎಣ್ಣೆ ದೊರೆಯಿತು; ಬಟ್ಟೆಯನ್ನು ಬಿಳುಪು ಮಾಡುವ ಪುಡಿಯೊಡನೆ ಅದು ನೀಲವರ್ಣವನ್ನು ತಾಳುತ್ತಿದ್ದುದರಿಂದ ಆತನು ಇಟ್ಟ ಹೆಸರು 'ಕ್ಯಾನೋಲ್'. ೧೮೪೦ರ ಸುಮಾರಿಗೆ ರಷ್ಯದಲ್ಲಿದ್ದ ಫ್ರಿಟ್ಷೆಯು ನೀಲಿಯನ್ನು ದಾಹಕ ಪೊಟ್ಯಾಷಿನೊಡನೆ ಕಾಯಿಸಿ ಬಂದ ದ್ರವಕ್ಕೆ 'ಅನಿಲಿನ್' ಎಂದನು. ೧೮೪೨ರಲ್ಲಿ ಕಜಾನಿನ ಜಿನಿನ್ ನೈಟ್ರೊಬೆಂಜೀನಿನಿಂದ ಒಂದನ್ನು ತಯಾರಿಸಿ 'ಬೆಂಜಿಡಾಮ್' ಎಂದು ಹೆಸರಿಟ್ಟನು. ಮರುವರ್ಷ, ಗೀಸೆನ್ನಿನಲ್ಲಿ ಲೀಬಿಗ್ ಮಹಾಶಯನ ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದ ತರುಣ ಹಾಫ್‌ಮನ್ ಈ ನಾಲ್ಕೂ ಒಂದೇ ಪದಾರ್ಥವೆಂದು ಸಿದ್ಧಪಡಿಸಿದನು.

ಹದಿನೇಳು ವರ್ಷಗಳ ಕಾಲ ಒಂದೇ ವಸ್ತುವು ನಾಲ್ಕು ಹೆಸರುಗಳಲ್ಲಿ ಅಡಗಿತ್ತೆಂದರೆ ಅದು ಆ ನಾಲ್ವರ ಅಜ್ಞಾನವಲ್ಲ. ವಸ್ತುವಿಗೆ ಅದು ದೊರೆತ ತಾಣದ, ಅಥವಾ ಅದು ತೋರಿದ ಗುಣದ ಹೆಸರನ್ನು ಇಡುವುದೇ ಅಂದಿನ ವಾಡಿಕೆಯಾಗಿತ್ತು. ತಾಣಗಳು ನಾಲ್ಕಾದರೆ ಹೆಸರುಗಳೂ ನಾಲ್ಕಾಗತಕ್ಕುವೇ.

ಉಳಿದು ಬಂದ ಹೆಸರಿನ ವಂಶಾವಳಿ ಸ್ವಾರಸ್ಯವಾದುದು. ಸಂಸ್ಕೃತದ 'ನೀಲೀ' ಪಾರಸಿಯಲ್ಲಿ 'ನೀಲ್' ಆಯಿತು. ಅರಬ್ಬರು ತಮ್ಮ ಉಪಪದವಾದ 'ಅಲ್' ಅನ್ನು ಅದಕ್ಕೆ ಸೇರಿಸಿದಾಗ ಲಕಾರವು ನಕಾರವಾಗಿ 'ಅನ್ನೀಲ್' ಎಂಬ ರೂಪ ಬಂದಿತು. ಸಂಧಿಕಾರ್ಯವನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಪೋರ್ಚುಗೀಸರ ಬಾಯಲ್ಲಿ ಅದು 'ಅನಿಲ್' ಆಗಿ, ಕೊನೆಗೆ ಫ್ರಿಟ್ಷೆಯ ಸೀಸೆಯ ಮೇಲಿನ ಚೀಟಿಯಾಯಿತು.

ಇಂತಹ ಹೆಸರುಗಳಿಂದಲೇ ಆ ಕಾಲದ ಶಾಸ್ತ್ರವೆಲ್ಲ ತುಂಬಿತ್ತು. ಇರುವೆಗಳನ್ನು ಭಟ್ಟಿಯಿಳಿಸಿ ಪಡೆದ ಆಮ್ಲಕ್ಕೆ ಲ್ಯಾಟಿನ್ನಿನ ಇರುವೆಯ ಹೆಸರಿನಿಂದ 'ಫಾರ್ಮಿಕ್' ಎಂದೂ, ಹಳಸಿದ ಬೆಣ್ಣೆಯ ಆಮ್ಲಕ್ಕೆ 'ಬ್ಯುಟಿರಿಕ್' ಎಂದೂ, ಮೇಕೆಯ ನಾತವುಳ್ಳದ್ದಕ್ಕೆ 'ಕ್ಯಾಪ್ರಿಕ್' ಎಂದೂ ಹೆಸರು. ಇಂದು ಅಡುಗೆಮನೆಯ ಸಿಲಿಂಡರಿನಲ್ಲಿ ಉರಿಯುವ ಬ್ಯುಟೇನಿಗೂ ಬೆಣ್ಣೆಗೂ ಹೆಸರಿನ ನಂಟು ಮಾತ್ರ ಉಂಟು. ಮರವನ್ನು ಭಟ್ಟಿಯಿಳಿಸಿದಾಗ ಬರುವ ಮದ್ಯಸಾರವನ್ನು ಪರೀಕ್ಷಿಸಿದ ಡ್ಯೂಮಾ ಮತ್ತು ಪೆಲಿಗೊ ಎಂಬ ಫ್ರೆಂಚರು ೧೮೩೫ರ ಸುಮಾರಿಗೆ ಗ್ರೀಕಿನ 'ಮೆಥು' (ದ್ರಾಕ್ಷಾಮದ್ಯ), 'ಹುಲೆ' (ಮರ) ಎಂಬೆರಡು ಪದಗಳನ್ನು ಕೂಡಿಸಿ 'ಮೆಥಿಲೀನ್' ಎಂದರು. 'ಹುಲೆ' ಎಂದರೆ ಕಾಡು. ಕಡಿದ ಮರಕ್ಕೆ ಗ್ರೀಕರ ಪದ ಬೇರೆ. ಆದರೂ ಆ ತಪ್ಪು ಸಮಾಸದಿಂದ ಹುಟ್ಟಿದ 'ಮಿಥೈಲ್' ಎಂಬ ಪದವಿಲ್ಲದೆ ಇಂದು ರಸಾಯನದ ಒಂದು ಪುಟವೂ ಸಾಗದು.

ಬೆಂಜೀನಿನ ಕಥೆ ಇನ್ನೂ ಗೋಜಲಿನದು. ಸುಮಾತ್ರದ ಒಂದು ಪರಿಮಳದ ಅಂಟನ್ನು ಅರಬ್ಬರು 'ಲುಬಾನ್ ಜಾವಿ', ಅಂದರೆ ಜಾವದ ಲೋಬಾನ ಎಂದರು. ಯೂರೋಪಿಯನರು ಮೊದಲಿನ 'ಲು'ವನ್ನು ತಮ್ಮ ಭಾಷೆಯ ಉಪಪದವೆಂದು ಬಗೆದು ಕಿತ್ತೆಸೆದರು, 'ಬೆಂಜೊಯಿನ್' ಉಳಿಯಿತು. ಅದರ ಆಮ್ಲದಿಂದ ಪಡೆದ ದ್ರವವನ್ನು ಮಿಟ್‌ಷರ್ಲಿಖ್ 'ಬೆಂಜಿನ್' ಎಂದು ಕರೆದನು. ದೀಪದ ಅನಿಲದ ಎಣ್ಣೆಯಲ್ಲಿ ಫ್ಯಾರಡೆಯು ೧೮೨೫ರಲ್ಲಿ ಕಂಡದ್ದೂ ಇದೇ ದ್ರವ. ಆ ದೀಪವನ್ನು ನೆನೆದು ಫ್ರಾನ್ಸಿನ ಲೊರಾಂ, ಗ್ರೀಕಿನಲ್ಲಿ ಬೆಳಗುವುದೆಂಬ ಅರ್ಥವುಳ್ಳ ಪದದಿಂದ 'ಫೀನ್' ಎಂಬ ಹೆಸರನ್ನು ಸೂಚಿಸಿದನು. ಹೆಸರು ಸೋತಿತು, ಆದರೆ ಅದರ ಸಂತಾನ ಉಳಿಯಿತು. ಆದಕಾರಣವೇ ಬೆಂಜೀನಿನಿಂದ ಒಂದು ಜಲಜನಕ ಪರಮಾಣು ಕಳಚಿದಾಗ ಉಳಿಯುವ ಗುಂಪನ್ನು ಇಂದಿಗೂ 'ಫೀನೈಲ್' ಎನ್ನುವುದು. ತಂದೆಗೊಂದು ಮನೆತನದ ಹೆಸರು, ಮಗನಿಗೆ ಇನ್ನೊಂದು!

ವಸ್ತುವಿನ ಒಳರಚನೆಯೇ ತಿಳಿಯದಿದ್ದಾಗ ಹುಟ್ಟೂರಿನ ಹೆಸರಲ್ಲದೆ ಬೇರೆ ಗತಿಯೂ ಇರಲಿಲ್ಲ. ೧೮೬೦ರ ಸೆಪ್ಟೆಂಬರಿನಲ್ಲಿ ರಸಾಯನಜ್ಞರು ಕಾರ್ಲ್ಸ್‌ರೂಹೆಯಲ್ಲಿ ನೆರೆದಾಗ ಪರಮಾಣುಭಾರಗಳ ವಿಷಯದಲ್ಲಿಯೇ ಒಮ್ಮತವಿರಲಿಲ್ಲ. ಮರುವರ್ಷ ಕೆಕುಲೆಯು ತನ್ನ ಗ್ರಂಥದಲ್ಲಿ, ವಿನೆಗರಿಗೆ ಹುಳಿಯನ್ನು ಕೊಡುವ ಅಸಿಟಿಕ್ ಆಮ್ಲವೊಂದಕ್ಕೇ ಬಳಕೆಯಲ್ಲಿದ್ದ ಹತ್ತೊಂಬತ್ತು ಸೂತ್ರಗಳನ್ನು ಸಾಲಾಗಿ ಮುದ್ರಿಸಿದನು. ಅಷ್ಟರಲ್ಲಿ ಒಂದು ತತ್ತ್ವ ಸ್ಥಿರಪಡುತ್ತಲಿತ್ತು: ಇಂಗಾಲದ ಪರಮಾಣುವಿಗೆ ನಾಲ್ಕು ಕೈಗಳು, ಅವು ಒಂದನ್ನೊಂದು ಹಿಡಿದು ಸರಪಣಿಯಾಗಬಲ್ಲವು, ಕವಲೊಡೆಯಬಲ್ಲವು, ಉಂಗುರವಾಗಬಲ್ಲವು. ಪರಮಾಣುಗಳ ಎಣಿಕೆ ಒಂದೇ ಆಗಿದ್ದರೂ ಜೋಡಣೆ ಬೇರೆಯಾದರೆ ವಸ್ತುವೂ ಬೇರೆ. ಇಂಗಾಲದ ನಾಲ್ಕು, ಜಲಜನಕದ ಹತ್ತು ಪರಮಾಣುಗಳಿಂದ ಎರಡು ವಸ್ತುಗಳಾಗುತ್ತವೆ, ಇಂಗಾಲ ಹತ್ತಾದರೆ ಎಪ್ಪತ್ತೈದು, ಇಪ್ಪತ್ತಾದರೆ ೩,೬೬,೩೧೯. ಇಷ್ಟಕ್ಕೆಲ್ಲ ಇರುವೆ, ಬೆಣ್ಣೆ, ಮೇಕೆಗಳನ್ನು ಎಲ್ಲಿಂದ ತರುವುದು?

ಕ್ರಮವಾದ ಹೆಸರುಗಳನ್ನು ಕಟ್ಟುವ ಯತ್ನಗಳಲ್ಲಿ ಹಾಫ್‌ಮನ್ ೧೮೬೬ರಲ್ಲಿ ಮಾಡಿದುದು ಗಮನಾರ್ಹವಾದುದು. ಜಲಜನಕವು ಕಡಿಮೆಯಾದಂತೆ ಹೆಸರಿನ ಸ್ವರವು ಎ, ಇ, ಐ, ಓ, ಯು ಎಂಬ ಆಂಗ್ಲ ವರ್ಣಕ್ರಮದಲ್ಲಿ ಬದಲಾಗಬೇಕೆಂದು ಆತನು ಸೂಚಿಸಿದನು. ನಾಲ್ಕು ಇಂಗಾಲಗಳುಳ್ಳದ್ದಕ್ಕೆ ಆತನು ಇತ್ತ 'ಕ್ವಾರ್ಟೇನ್' ಎಂಬ ಹೆಸರನ್ನು ಯಾರೂ ಹಿಡಿಯಲಿಲ್ಲ. ಸ್ವರಗಳಲ್ಲಿ ಮೊದಲ ಮೂರು ಮಾತ್ರ ಹೇಗೋ ನಿಂತವು.

೧೮೯೨ರ ಏಪ್ರಿಲ್ ೧೯ರಿಂದ ೨೨ರ ವರೆಗೆ ಜಿನೀವಾದಲ್ಲಿ ನಡೆದ ಸಮ್ಮೇಲನ ಈ ಚರಿತ್ರೆಯ ನಡುಗಂಬ. ಯೂರೋಪಿನ ಒಂಬತ್ತು ದೇಶಗಳಿಂದ ಮೂವತ್ತನಾಲ್ಕು ಮಂದಿ ಸೇರಿದ್ದರು. ಪ್ಯಾರಿಸಿನ ಫ್ರೀಡೆಲ್ ಅಧ್ಯಕ್ಷ. ಬೇಯರ್, ಎಮಿಲ್ ಫಿಷರ್, ಕನಿಟ್ಸಾರೊ, ಆರ್ಮ್‌ಸ್ಟ್ರಾಂಗ್, ರಾಮ್ಸೆಯವರಂತಹ ಘಟಾನುಘಟಿಗಳೆಲ್ಲ ಅಲ್ಲಿದ್ದರು. ಅವರ ಉದ್ದೇಶ ಭಾವಿಸುವಷ್ಟು ಭವ್ಯವಾದುದಲ್ಲ. ಕೋಶಗಳಲ್ಲಿಯೂ ಸೂಚಿಗಳಲ್ಲಿಯೂ ಪ್ರತಿಯೊಂದು ವಸ್ತುವೂ ಒಂದೇ ತಲೆಬರಹದ ಅಡಿಯಲ್ಲಿ ಸಿಕ್ಕುವಂತೆ ಅದಕ್ಕೊಂದು ಅಧಿಕೃತ ನಾಮವಿರಬೇಕು, ಅಷ್ಟೆ. ಆಡುವ ಹೆಸರನ್ನು ಬಿಡಿರೆಂದು ಅವರು ಕೇಳಲಿಲ್ಲ.

ಕನ್ನಡ ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ, ರೂಢನಾಮಗಳ ಪಕ್ಕದಲ್ಲಿ ಅನ್ವರ್ಥನಾಮಗಳನ್ನು ಇಡುವ ಕಾರ್ಯ ಅದು. ಆ ಅನ್ವರ್ಥನಾಮದಲ್ಲಿ ಪ್ರಕೃತಿಯೂ ಉಂಟು, ಪ್ರತ್ಯಯವೂ ಉಂಟು. ಅತ್ಯಂತ ಉದ್ದವಾದ ಇಂಗಾಲದ ಸರಪಣಿಯೇ ಪ್ರಕೃತಿ. ಮೊದಲ ನಾಲ್ಕಕ್ಕೆ ಮೀಥೇನ್, ಈಥೇನ್, ಪ್ರೊಪೇನ್, ಬ್ಯುಟೇನ್ ಎಂಬ ಹಳೆಯ ಹೆಸರುಗಳೇ. ಮುಂದಿನವಕ್ಕೆ ಗ್ರೀಕ್ ಸಂಖ್ಯೆಗಳು. ಜೋಡಿಬಂಧವಿದ್ದರೆ 'ಈನ್', ಆಲ್ಕೊಹಾಲಿಗೆ 'ಓಲ್', ಆಲ್ಡಿಹೈಡಿಗೆ 'ಆಲ್', ಕೀಟೋನಿಗೆ 'ಓನ್' ಎಂಬ ಪ್ರತ್ಯಯಗಳು. ಕವಲು ಎಲ್ಲಿ ಒಡೆದಿದೆ, ಗುಂಪು ಎಲ್ಲಿ ಕುಳಿತಿದೆ ಎಂಬುದನ್ನು ಅಂಕಿ ಹೇಳುತ್ತದೆ. ಬ್ಯುಟೇನಿನ ಕವಲುಳ್ಳ ಸೋದರವು '೨-ಮಿಥೈಲ್‌ಪ್ರೊಪೇನ್' ಆಗುತ್ತದೆ: ಉದ್ದನೆಯ ಸಾಲಿನಲ್ಲಿ ಮೂರು ಇಂಗಾಲ, ಎರಡನೆಯದರ ಮೇಲೆ ಒಂದು ಕವಲು. ಹೆಸರನ್ನು ಕೇಳಿದವನು ಚಿತ್ರವನ್ನು ಬರೆಯಬಲ್ಲನು.

ಇಲ್ಲಿ ಕನ್ನಡಕ್ಕೊಂದು ತೊಡಕುಂಟು. ಆಲ್ಕೊಹಾಲಿನ 'ಎಥನೋಲ್', ಆಲ್ಡಿಹೈಡಿನ 'ಎಥನಾಲ್' ಇವುಗಳ ಭೇದವೆಲ್ಲ ಒಂದು ಸ್ವರದಲ್ಲಿದೆ. ಇಂಗ್ಲಿಷ್ ಉಚ್ಚಾರಣೆಯ ಜಾಡಿನಲ್ಲಿ ಎರಡನ್ನೂ 'ಎಥನಾಲ್' ಎಂದು ಬರೆದರೆ ಮದ್ಯಸಾರವೂ ಅದು ಉತ್ಕರ್ಷಣೆಗೊಂಡು ಆದ ವಸ್ತುವೂ ಒಂದಾಗಿ, ಜಿನೀವಾದ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಹಳೆಯ ತಪ್ಪನ್ನು ಅನುವಾದದಲ್ಲಿ ಹೊತ್ತು ತಂದ ನಿದರ್ಶನವೂ ಕನ್ನಡದಲ್ಲಿ ಇಲ್ಲದಿಲ್ಲ. ಆಕ್ಸಿಜನ್ನೇ ಆಮ್ಲಗಳ ಜನಕವೆಂದು ಲವಾಸಿಯೆ ನಂಬಿದ್ದನು. ಉಪ್ಪಿನಿಂದ ಪಡೆಯುವ ಆಮ್ಲದಲ್ಲಿ ಅದು ಇಲ್ಲವೇ ಇಲ್ಲವೆಂದು ಡೇವಿಯು ೧೮೧೦ರಲ್ಲಿ ತೋರಿಸಿಕೊಟ್ಟರೂ 'ಆಮ್ಲಜನಕ' ಎಂಬ ಪದ ಪಾಠಪುಸ್ತಕಗಳಲ್ಲಿ ನೆಲೆನಿಂತಿದೆ. ೧೯೬೧ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಪರಿಭಾಷಾ ಆಯೋಗವು ಮೂಲವಸ್ತು, ಸಂಯುಕ್ತಗಳ ಅಂತರರಾಷ್ಟ್ರೀಯ ನಾಮಗಳನ್ನು ಭಾಷಾಂತರಿಸದೆ ಹಾಗೆಯೇ ಲಿಪ್ಯಂತರಿಸುವ ನೀತಿಯನ್ನು ಹಿಡಿದುದು ಸಾಧುವೇ. ಆದರೆ ಲಿಪ್ಯಂತರವೂ ಎಚ್ಚರವನ್ನು ಬೇಡುತ್ತದೆ.

ಜಿನೀವಾದ ನಿಯಮಗಳು ಮುಖ್ಯವಾಗಿ ಸರಪಣಿಯ ವಸ್ತುಗಳಿಗೆ ಸಂದವು. ಉಂಗುರಗಳ ಪ್ರಶ್ನೆ ಬಹುಮಟ್ಟಿಗೆ ಮುಂದಕ್ಕೆ ಹೋಯಿತು. ೧೯೧೯ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ರಸಾಯನ ಒಕ್ಕೂಟವು ೧೯೩೦ರಲ್ಲಿ ಬೆಲ್ಜಿಯಮ್ಮಿನ ಲಿಯೇಜಿನಲ್ಲಿ ಅವನ್ನು ತಿದ್ದಿತು; ೧೯೫೭, ೧೯೭೯, ೧೯೯೩, ೨೦೧೩ರಲ್ಲಿ ಮತ್ತೆ ಮತ್ತೆ ಬೆಳೆಸಿತು. ಬೆಳೆದಂತೆ ಹೆಸರುಗಳೂ ಉದ್ದವಾದವು. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಶ್ರೀಗಂಧದ ಮರಕ್ಕೆ ಜರ್ಮನಿಯ ಮಾರುಕಟ್ಟೆ ತಪ್ಪಿದಾಗ, ೧೯೧೬ರಲ್ಲಿ ಸಂಸ್ಥಾನವೇ ಎಣ್ಣೆಯನ್ನು ತೆಗೆಯಲು ತೊಡಗಿದುದು ಬಲ್ಲವರಿಗೆ ಗೊತ್ತು. ಆ ಎಣ್ಣೆಯ ಸಾರವಾದ 'ಸ್ಯಾಂಟಲಾಲ್' ಚಂದನದ ಹೆಸರನ್ನೇ ಹೊತ್ತಿದೆ. ಅದರ ಅನ್ವರ್ಥನಾಮವಾದರೋ ಮೂರು ಉಂಗುರಗಳನ್ನೂ ಕವಲುಗಳನ್ನೂ ಅಂಕಿಗಳನ್ನೂ ಹೇಳುತ್ತ ಒಂದು ಪಂಕ್ತಿಯನ್ನೇ ತುಂಬುತ್ತದೆ. ಗಂಧದ ಸುಳಿವು ಅದರಲ್ಲಿ ಎಲ್ಲಿಯೂ ಇಲ್ಲ. ೧೯೬೫ರಿಂದ ಅಮೆರಿಕದ ರಾಸಾಯನಿಕ ಸಾರಸಂಗ್ರಹ ಸಂಸ್ಥೆಯು ಪ್ರತಿ ವಸ್ತುವಿಗೂ ಬರಿಯ ಅಂಕಿಯನ್ನು ಕೊಡುತ್ತ ಬಂದು, ಆ ಪಟ್ಟಿ ಈಗ ಇಪ್ಪತ್ತು ಕೋಟಿಯನ್ನು ಮೀರಿದೆ. ವೈಯಾಕರಣರ ಅಂಕಿತನಾಮಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಗಲಾರದು.

ಜಿನೀವಾದಲ್ಲಿ ಕುಳಿತಿದ್ದ ಬೇಯರನೇ ೧೮೮೦ರಲ್ಲಿ ನೀಲಿಯನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ, ೧೮೮೩ರಲ್ಲಿ ಅದರ ರಚನೆಯನ್ನು ಬಿಡಿಸಿದವನು. ೧೮೯೭ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಪೇಟೆಗೆ ಬಂದಿತು. ಅದರ ತಯಾರಿಕೆಯಲ್ಲಿ ಮುಂದೆ ಅನಿಲೀನೇ ಕಚ್ಚಾವಸ್ತುವಾಯಿತು. ನೀಲಿಯಿಂದ ಹುಟ್ಟಿ ನೀಲಿಯ ಹೆಸರನ್ನು ಹೊತ್ತ ವಸ್ತುವಿನಿಂದಲೇ ನೀಲಿಯು ಅಗ್ಗವಾಗಿ ತಯಾರಾಯಿತು. ಬಂಗಾಳ, ಬಿಹಾರಗಳ ನೀಲಿಯ ಹೊಲಗಳು ಕುಗ್ಗಿದವು. ಬೆಲೆ ಬಿದ್ದಾಗ ತೋಟದ ದೊರೆಗಳು ಆ ನಷ್ಟವನ್ನು ರೈತರ ಗೇಣಿಯ ಮೇಲೆ ಹೇರಿದುದೇ ೧೯೧೭ರ ಚಂಪಾರಣ್ಯಕ್ಕೆ ಒಂದು ಕಾರಣ.

ನಿಯಮದ ಪ್ರಕಾರ ಅನಿಲೀನಿಗೆ 'ಬೆಂಜೀನಮೀನ್' ಎಂಬ ಅನ್ವರ್ಥನಾಮ ಸಿದ್ಧವಾಗಿಯೇ ಇದೆ. ೨೦೧೩ರ ಪರಿಷ್ಕರಣದಲ್ಲಿ ಅನೇಕ ರೂಢನಾಮಗಳು ಹಿಂದೆ ಸರಿದವು. ಅಸಿಟೋನ್ ಕೂಡ ತನ್ನ ಅಗ್ರಸ್ಥಾನವನ್ನು 'ಪ್ರೊಪೇನ್-೨-ಓನ್' ಎಂಬುದಕ್ಕೆ ಬಿಟ್ಟುಕೊಟ್ಟಿತು. ಅಸಿಟಿಕ್ ಆಮ್ಲ, ಯೂರಿಯ, ಫೀನಾಲ್ ಮುಂತಾದ ಕೆಲವನ್ನು ಮಾತ್ರ ಮೊದಲ ಮನ್ನಣೆಯ ಹೆಸರುಗಳಾಗಿ ಉಳಿಸಿಕೊಳ್ಳಲಾಯಿತು. ಆ ಪಟ್ಟಿಯಲ್ಲಿ ಅನಿಲೀನ್ ಇದೆ.