ಸೆಣಬು ಮತ್ತು ಗಾಜಿನ ನಾರು: ಪೈಪೋಟಿಯಿಂದ ಜೊತೆಗಾರಿಕೆಗೆ

ಗೋಣಿಚೀಲ ಗಟ್ಟಿಯೋ, ಫೈಬರ್ ಗ್ಲಾಸ್ ಶೀಟು ಗಟ್ಟಿಯೋ ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳೆಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಉತ್ತರ ಸರಿಯೇ. ಆದರೆ ಸೆಣಬನ್ನೂ ಗಾಜನ್ನೂ ಒಟ್ಟಿಗೆ ಸೇರಿಸಿದರೆ ಏನಾದೀತು ಎಂದು ಯಾರೂ ಕೇಳುವುದಿಲ್ಲ. ಈ ಪ್ರಶ್ನೆಯ ಹಿಂದೆ ಒಂದು ಸ್ವಾರಸ್ಯಕರ ಇತಿಹಾಸವಿದೆ.

ಬೆರಕೆಯಿಂದ ಬಲ ಬರುತ್ತದೆ ಎಂಬ ಅರಿವು ಹೊಸದಲ್ಲ. ಪ್ರಾಚೀನ ಈಜಿಪ್ಟಿನವರು ಇಟ್ಟಿಗೆಯ ಮಣ್ಣಿಗೆ ಹುಲ್ಲು ಕಲಸುತ್ತಿದ್ದರು. ತುರ್ಕರ ಬಿಲ್ಲು ಇನ್ನೂ ಜಾಣ್ಮೆಯದು. ಅದರ ನಡುವೆ ಮರ, ಬಿಲ್ಲುಗಾರನ ಕಡೆಗೆ ಕೊಂಬು, ಹೊರಮೈಗೆ ಪ್ರಾಣಿಗಳ ಸ್ನಾಯುವಿನ ನಾರು. ಬಿಲ್ಲು ಬಾಗಿದಾಗ ಒಳಮೈ ಒತ್ತಿಕೊಳ್ಳುತ್ತದೆ, ಹೊರಮೈ ಹಿಗ್ಗುತ್ತದೆ. ಒತ್ತಡ ತಾಳುವುದನ್ನು ಒಳಗೆ, ಎಳೆತ ತಾಳುವುದನ್ನು ಹೊರಗೆ ಅಂಟಿಸಿದ್ದರು. ಯಾವುದನ್ನು ಎಲ್ಲಿ ಇಡಬೇಕೆಂಬ ಈ ತಿಳಿವಳಿಕೆಯನ್ನು ನೆನಪಿಟ್ಟುಕೊಳ್ಳಿ.

1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಬೇಕಲೈಟ್ ಎಂಬ ಕೃತಕ ರಾಳವನ್ನು ಕಂಡುಹಿಡಿದರು. ಇಂತಹ ರಾಳಕ್ಕೆ ನಾರು ಸೇರಿಸಿದರೆ ಹಗುರವೂ ಗಟ್ಟಿಯೂ ಆದ ಹಲಗೆ ಸಿಗುತ್ತದೆ. 1930ರ ದಶಕದಲ್ಲಿ ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯ್ನ್ ಅವರ ಸಂಸ್ಥೆ ಅಗಸೆ ನಾರನ್ನು ರಾಳದಲ್ಲಿ ಅದ್ದಿ, ಬಿಸಿಯಲ್ಲಿ ಒತ್ತಿ, ವಿಮಾನಕ್ಕೆ ಯೋಗ್ಯವಾದ ವಸ್ತುವನ್ನು ತಯಾರಿಸಿತು. ಯುದ್ಧಕಾಲದಲ್ಲಿ ಅಲ್ಯೂಮಿನಿಯಂ ಸಾಲದೇ ಹೋದೀತೆಂಬ ಆತಂಕವಿತ್ತು. ಸ್ಪಿಟ್‌ಫೈರ್ ಯುದ್ಧವಿಮಾನದ ಒಡಲೊಂದನ್ನು ಇದರಿಂದ ಪ್ರಯೋಗಕ್ಕಾಗಿ ಕಟ್ಟಲಾಯಿತು. ಹೀಗೆ ಈ ಕ್ಷೇತ್ರಕ್ಕೆ ಸಸ್ಯದ ನಾರು ಮೊದಲೇ ಕಾಲಿಟ್ಟಿತ್ತು ಎಂಬುದನ್ನು ನಾವು ಮರೆಯಬಾರದು.

ಅದೇ ದಶಕದಲ್ಲಿ ಅಮೆರಿಕದಲ್ಲಿ ಗೇಮ್ಸ್ ಸ್ಲೇಟರ್ ಗಾಜಿನ ನಾರನ್ನು ಹೇರಳವಾಗಿ ತಯಾರಿಸುವ ವಿಧಾನವನ್ನು ರೂಪಿಸಿದರು. ಗಾಜಿನ ನಾರಿನ ಎಳೆತದ ಬಲ 2000 ಮೆಗಾಪ್ಯಾಸ್ಕಲ್‌ಗಿಂತ ಹೆಚ್ಚು. ಸೆಣಬಿನದು ಸಾಮಾನ್ಯವಾಗಿ 400ರಿಂದ 800. ಮೇಲಾಗಿ ಸಸ್ಯದ ನಾರು ನೀರು ಹೀರಿ ಉಬ್ಬುತ್ತದೆ, ರಾಳದೊಡನೆ ಚೆನ್ನಾಗಿ ಅಂಟುವುದಿಲ್ಲ. ಆದ್ದರಿಂದ ಗಾಜು ಗೆದ್ದಿತು. 1953ರಲ್ಲಿ ಷೆವರ್ಲೆ ಕಾರ್ವೆಟ್ ಕಾರಿನ ಮೈಯೇ ಫೈಬರ್ ಗ್ಲಾಸ್ ಆಯಿತು. ದೋಣಿ, ನೀರಿನ ಟ್ಯಾಂಕುಗಳೂ ಅದರಿಂದಲೇ ಬಂದವು. ಉಕ್ಕಿನ ಕೊರತೆಯಿದ್ದ ಪೂರ್ವ ಜರ್ಮನಿ ಮಾತ್ರ 1957ರಿಂದ ಟ್ರಾಬಂಟ್ ಕಾರಿಗೆ ಹತ್ತಿಯ ತ್ಯಾಜ್ಯ ಬೆರೆಸಿದ ರಾಳದ ಹೊದಿಕೆ ಹಾಕಿತು.

ಇತ್ತ ಭಾರತದಲ್ಲಿ ಪ್ಲಾಸ್ಟಿಕ್ ಚೀಲಗಳು ಬಂದು ಸೆಣಬಿನ ಮಾರುಕಟ್ಟೆ ಕುಸಿಯತೊಡಗಿತು. ಕೆಲವು ಸರಕುಗಳನ್ನು ಸೆಣಬಿನ ಚೀಲದಲ್ಲೇ ತುಂಬಬೇಕೆಂದು 1987ರಲ್ಲಿ ಸರ್ಕಾರ ಕಾನೂನನ್ನೇ ತರಬೇಕಾಯಿತು. ಬಂಗಾಳ, ಬಿಹಾರ, ಅಸ್ಸಾಮಿನ ಬೆಳೆಗಾರರ ಅನ್ನದ ಪ್ರಶ್ನೆ ಅದು. ಇಂತಹ ಕಾಲದಲ್ಲೇ, 1980ರ ದಶಕದಲ್ಲಿ, ನಮ್ಮ ಬೆಂಗಳೂರಿನ ಸಂಶೋಧಕರು ಸೆಣಬು ಮತ್ತು ಗಾಜನ್ನು ಒಂದೇ ಹಲಗೆಯಲ್ಲಿ ಪದರ ಪದರವಾಗಿ ಜೋಡಿಸಿ ಅದರ ಬಲವನ್ನು ಅಳೆದರು.

ಇಲ್ಲಿ ತುರ್ಕರ ಬಿಲ್ಲು ಮತ್ತೆ ನೆನಪಾಗುತ್ತದೆ. ಹಲಗೆ ಬಾಗಿದಾಗ ಹೆಚ್ಚಿನ ಎಳೆತ, ಒತ್ತಡ ಬೀಳುವುದು ಎರಡು ಹೊರಮೈಗಳ ಮೇಲೆ; ನಡುಭಾಗಕ್ಕೆ ಕಡಿಮೆ. ಗಾಜನ್ನು ಹೊರಗೂ ಸೆಣಬನ್ನು ನಡುವೆಯೂ ಇಟ್ಟರೆ ಸ್ವಲ್ಪ ಗಾಜಿನಿಂದಲೇ ಬಹಳಷ್ಟು ಬಿಗುವು ಸಿಗುತ್ತದೆ. ನೀರು ಒಳಗೆ ಇಳಿಯುವುದೂ ಕಡಿಮೆಯಾಗುತ್ತದೆ. ಒಂದು ಘನ ಸೆಂಟಿಮೀಟರ್ ಗಾಜು ಸುಮಾರು 2.5 ಗ್ರಾಂ ತೂಗಿದರೆ ಸೆಣಬು ಸುಮಾರು 1.4 ಗ್ರಾಂ ಮಾತ್ರ. ಹಾಗಾಗಿ ಹಲಗೆ ಹಗುರವಾಗುತ್ತದೆ. ನಾರನ್ನು ಮೊದಲು ಕ್ಷಾರದ ದ್ರಾವಣದಲ್ಲಿ ನೆನೆಸಿದರೆ ರಾಳ ಇನ್ನೂ ಚೆನ್ನಾಗಿ ಹಿಡಿಯುತ್ತದೆ. 1850ರಲ್ಲಿ ಜಾನ್ ಮರ್ಸರ್ ಹತ್ತಿಬಟ್ಟೆಗಾಗಿ ಪೇಟೆಂಟ್ ಪಡೆದ ವಿಧಾನವೇ ಇದರ ಮೂಲ.

ಆದರೆ ಇದನ್ನು ಸಂಪೂರ್ಣ ಪರಿಸರಸ್ನೇಹಿ ಎಂದು ಹೊಗಳುವುದು ಸರಿಯಲ್ಲ. ಗಾಜು ಕೊಳೆಯುವುದಿಲ್ಲ, ಸುಟ್ಟರೂ ಉಳಿಯುತ್ತದೆ. ಒಮ್ಮೆ ಗಟ್ಟಿಯಾದ ಇಂತಹ ರಾಳವನ್ನು ಮತ್ತೆ ಕರಗಿಸಲಾಗದು. ಇವನ್ನು ಬೇರ್ಪಡಿಸುವುದು ಇಂದಿಗೂ ಕಷ್ಟದ ಕೆಲಸ. ಅದು ಮುಂದಿನ ಪೀಳಿಗೆಗೆ, ಅಂದರೆ ನಿಮಗೆ, ಉಳಿದಿರುವ ಪಾಠ.

ಪ್ರಿಯ ವಿದ್ಯಾರ್ಥಿಗಳೇ, ಸೆಣಬು ಸೋತಿದ್ದು ಗಾಜಿನ ಜಾಗದಲ್ಲಿ ನಿಂತು ಗಾಜಿನೊಡನೆ ಸ್ಪರ್ಧಿಸಿದಾಗ. ತನ್ನ ಜಾಗದಲ್ಲಿ ನಿಂತಾಗ ಅದು ಉಪಯೋಗಕ್ಕೆ ಬಂತು. ಯಾವುದು ಗಟ್ಟಿ ಎಂದು ಕೇಳುವುದರ ಜೊತೆಗೆ, ಯಾವುದು ಎಲ್ಲಿ ಸಲ್ಲುತ್ತದೆ ಎಂದೂ ಕೇಳುವುದನ್ನು ಕಲಿಯೋಣ.